ಕೊನೇ ಸೀಟಿನವರು ಕಿಟಕಿ ಕೇಳಿದರೆ...

ಏಳು ಸೀಟಿನ ಗಾಡಿಗಳ ಬಗ್ಗೆ ಯಾವ ರಿವ್ಯೂ ಓದಿದರೂ, ಯಾವ ವಿಡಿಯೋ ನೋಡಿದರೂ ಒಂದು ಮಾತು ತಪ್ಪದೇ ಬರುತ್ತೆ. "ಮೂರನೇ ಸಾಲು ಮಕ್ಕಳಿಗೆ ಸಾಕು, ದೊಡ್ಡವರಿಗೆ ಸಣ್ಣ ಪ್ರಯಾಣಕ್ಕೆ ಪರವಾಗಿಲ್ಲ." ಅಷ್ಟು ಹೇಳಿ ಮುಂದಿನ ಪ್ಯಾರಾದಲ್ಲಿ ಮೈಲೇಜು, ಟಚ್ ಸ್ಕ್ರೀನು ಅಂತ ಹೋಗಿಬಿಡ್ತಾರೆ. ಬರೆದವರು ಬೆಂಗಳೂರಿಂದ ತೀರ್ಥಹಳ್ಳಿವರೆಗೆ ಅಲ್ಲೇ ಕೂತು ಹೋಗಿದ್ದರೆ ಆ ಪ್ಯಾರಾ ಅಷ್ಟು ಬೇಗ ಮುಗೀತಿರಲಿಲ್ಲ. ನಾನು ಹೋಗಿದ್ದೀನಿ. ಮದುವೆಯಾಗಿ ಬಂದಾಗಿನಿಂದ ಅದು ನನ್ನ ಖಾಯಂ ಸೀಟು. "ನೀನು ಸಣ್ಣಗಿದ್ದೀಯಲ್ಲಮ್ಮ, ಹಿಂದೆ ಹತ್ತು" ಅಂದರು, ಹತ್ತಿದೆ. ಈಗ ಸಣ್ಣಗಿಲ್ಲ, ಸೀಟು ಮಾತ್ರ ಬದಲಾಗಿಲ್ಲ :)

ಇರಲಿ. ಜಾಗ ಕಮ್ಮಿ ಅನ್ನೋದು ನನ್ನ ತಕರಾರಲ್ಲ. ಮಂಡಿ ಗದ್ದಕ್ಕೆ ತಾಗುತ್ತೆ, ಸರಿ, ಅಭ್ಯಾಸ ಆಗುತ್ತೆ. ತಕರಾರು ಬೇರೆ. ಆ ಸಾಲಲ್ಲಿ ಕೂತವರ ಕೈಗೆ ಗಾಡಿಯ ಒಂದೇ ಒಂದು ಹಿಡಿಕೆಯೂ ಸಿಗೋಲ್ಲ. ಪಕ್ಕದಲ್ಲಿ ಗಾಜಿದೆ, ಅದು ತೆಗೆಯೋ ಗಾಜಲ್ಲ, ಅಂಟಿಸಿಬಿಟ್ಟಿರೋ ಗಾಜು. ಬೆನ್ನ ಹಿಂದೆ ಡಿಕ್ಕಿ ಬಾಗಿಲಿದೆ, ಗಾಡಿಯಲ್ಲಿರೋ ಬಾಗಿಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ, ಆದರೆ ಒಳಗಿಂದ ಹಿಡಿಕೆ ಇಲ್ಲ. ಎದುರಿಗೆ ಮಧ್ಯದ ಸಾಲಿನ ಸೀಟಿದೆ, ಅದನ್ನ ಮಡಚಿದರೆ ಮಾತ್ರ ದಾರಿ. ಮಡಚೋ ಲಿವರು ಹೆಚ್ಚಿನ ಗಾಡಿಗಳಲ್ಲಿ ಆ ಸೀಟಿನ ಬುಡದಲ್ಲೋ ಭುಜದಲ್ಲೋ, ಬಾಗಿಲ ಹತ್ತಿರ ನಿಂತವರಿಗೆ ಎಟುಕೋ ಹಾಗೆ ಇರುತ್ತೆ. ಕೆಲವು ಗಾಡಿಗಳಲ್ಲಿ ಬೆನ್ನಿನ ಕೆಳಗೆ ಹಿಂದಿನವರಿಗಾಗಿ ಒಂದು ಪಟ್ಟಿ ಇಟ್ಟಿರ್ತಾರೆ. ಅದು ಇದೆ ಅಂತ ಶೋರೂಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕಂಡಿಲ್ಲ.

ಅಂದರೆ ನೀವು ಇಳೀಬೇಕಾದರೆ ಇನ್ನೊಬ್ಬರು ಏಳಬೇಕು. ಗಾಳಿ ಬೇಕಾದರೆ ಇನ್ನೊಬ್ಬರು ಕಿಟಕಿ ಇಳಿಸಬೇಕು. ಕೆಲವು ಗಾಡಿಗಳಲ್ಲಿ ಎಸಿ ಗಾಳಿ ಜೋರು ಮಾಡೋ ಗುಂಡಿ ಕೂಡ ಮಧ್ಯದ ಸಾಲಿನವರ ತಲೆ ಮೇಲಿರುತ್ತೆ. ಇದನ್ನ ಇವರು "ಫ್ಯಾಮಿಲಿ ಕಾರ್" ಅಂತಾರೆ. ನಮ್ಮ ಫ್ಯಾಮಿಲಿಗಳೂ ಹಾಗೇ ಇರೋದರಿಂದ ಹೆಸರೇನೋ ಸರಿಯಾಗೇ ಇದೆ ಬಿಡಿ.

ಆಗುಂಬೆ ಘಾಟಿಯ ಕಥೆ ಹೇಳ್ತೀನಿ. 2022ರ ಮಳೆಗಾಲ. ಉಡುಪಿ ಕಡೆ ಒಂದು ಮದುವೆಗೆ ಹೊರಟಿದ್ದು. ನಮ್ಮನೆಯವರು ಓಡಿಸ್ತಿದ್ದರು, ಪಕ್ಕದಲ್ಲಿ ಮಾವ. ಮಧ್ಯದಲ್ಲಿ ಅತ್ತೆ, ಓರಗಿತ್ತಿ, ಎಡಗಡೆ ಬಾಗಿಲ ಪಕ್ಕ ಚೈಲ್ಡ್ ಸೀಟಲ್ಲಿ ಬೆಲ್ಟು ಬಿಗಿದುಕೊಂಡು ಮಲಗಿದ್ದ ಅವಳ ಮಗ. ಹಿಂದೆ ನಾನು ಮತ್ತೆ ದೊಡ್ಡಮ್ಮ. ದೊಡ್ಡಮ್ಮ ಅಂದರೆ ಅತ್ತೆಯ ಅಕ್ಕ. ವಯಸ್ಸು ಎಪ್ಪತ್ತನಾಲ್ಕು, ಗಂಡ ಇಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಎಲ್ಲ ಕೆಲಸಕ್ಕೂ ಬೇಕಾದವರು. ಸೀಟು ಹಂಚೋವಾಗ ಮಾತ್ರ ಅವರೇ ಮೊದಲು ಹಿಂದಕ್ಕೆ ಹೋಗಿ ಕೂತುಬಿಡ್ತಾರೆ, ಯಾರೂ ಹೇಳಬೇಕಾಗಿಲ್ಲ.

ಹದಿನಾಲ್ಕು ಹೇರ್‌ಪಿನ್ ತಿರುವು. ಕೊನೇ ಸಾಲಿನ ಸೀಟು ಹಿಂದಿನ ಚಕ್ರದ ಮೇಲೆ ಅಥವಾ ಅದಕ್ಕೂ ಹಿಂದೆ ಬರುತ್ತೆ. ಹಾಗಾಗಿ ಡ್ರೈವರಿಗೆ ಸಣ್ಣ ಕುಲುಕು ಅನ್ನಿಸಿದ್ದು ಅಲ್ಲಿ ಎತ್ತಿಹಾಕುತ್ತೆ, ತಿರುವಿನಲ್ಲಿ ತೂಗುತ್ತೆ. ಮುಂದಿನವರಿಗೆ ದೂರದ ರಸ್ತೆ ಕಾಣುತ್ತೆ. ಹಿಂದಿನವರಿಗೆ ಕಾಣೋದು ಎದುರಿನ ಹೆಡ್‌ರೆಸ್ಟು, ಪಕ್ಕದ ಚಿಕ್ಕ ತ್ರಿಕೋನದ ಗಾಜು. ಕಣ್ಣಿಗೆ ಕಾಣೋದು ನಿಂತೇ ಇದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮೈ ಹೊಯ್ದಾಡ್ತಿದೆ. ವಾಂತಿ ಬರೋದೇ ಹೀಗೆ. ಐದನೇ ತಿರುವಿಗೆ ದೊಡ್ಡಮ್ಮ ನಿಂಬೆಹಣ್ಣು ಮೂಸೋಕೆ ಶುರುಮಾಡಿದರು. ಏಳನೇದಕ್ಕೆ ನನ್ನ ಕೈ ಹಿಡಿದುಕೊಂಡು ಮೆತ್ತಗೆ "ಕಿಟಕಿ ತೆಗೀತೀಯೇನೆ?" ಅಂದರು.

ಯಾವ ಕಿಟಕಿ ತೆಗೀಲಿ ಹೇಳಿ?

ನಾನು ಮುಂದಕ್ಕೆ ಕೂಗಿದೆ. ಹಾಡು ಹಾಕಿದ್ದರು, ವೈಪರ್ ಸದ್ದು ಬೇರೆ, ಮೊದಲ ಸಲ ಕೇಳಿಸಲಿಲ್ಲ. ಎರಡನೇ ಸಲ ಓರಗಿತ್ತಿ ಕೇಳಿಸಿಕೊಂಡು ತನ್ನ ಮಗನ ಕಡೆಯ ಗಾಜು ಇಳಿಸೋಕೆ ಹೋದಳು. ಇಳಿಯಲಿಲ್ಲ, ಮಗು ಗಾಜಿನ ಜೊತೆ ಆಡ್ತಾನೆ ಅಂತ ಡ್ರೈವರ್ ಬಾಗಿಲಿನ ಲಾಕ್ ಒತ್ತಿಟ್ಟಿತ್ತು. ತಿರುವಿನಲ್ಲಿ ನಿಲ್ಲಿಸೋ ಹಾಗಿಲ್ಲ, ಮುಂದೆ ಹೋಗಿ ನಿಲ್ಲಿಸಿದರು. ಎಡಗಡೆ ಸೀಟು ಮಡಚೋಣ ಅಂದರೆ ಚೈಲ್ಡ್ ಸೀಟು. ಅದನ್ನ ಕಟ್ಟಿರೋವಾಗ ಆ ಸೀಟು ಉರುಳೋಲ್ಲ. ಬಲಗಡೆ ಅತ್ತೆ ಮಂಡಿನೋವು ಇಟ್ಟುಕೊಂಡು, ಗಾಡಿಗಳು ಬರ್ತಿರೋ ಕಡೆಗೆ ಬಾಗಿಲು ತೆಗೆದು ಮಳೇಲಿ ಇಳೀಬೇಕು. ಅವರು ಇಳಿಯೋ ಹೊತ್ತಿಗೆ ಇಲ್ಲಿ ಆಗೋದು ಆಗಿಹೋಗಿತ್ತು. ದೊಡ್ಡಮ್ಮ ಸೆರಗನ್ನೇ ಮುದ್ದೆ ಮಾಡಿ ಬಾಯಿಗೆ ಒಡ್ಡಿಕೊಂಡಿದ್ದರು. ಹೊಸ ಗಾಡಿಯ ಸೀಟು ಗಲೀಜಾಗಬಾರದು ಅಂತ! ಮದುವೆಗೆ ಅಂತ ಉಟ್ಟಿದ್ದ ರೇಷ್ಮೆ ಸೀರೆ.

ವಾಪಸ್ ಬರೋವಾಗ ಅವರು ಗಾಡಿ ಹತ್ತಲಿಲ್ಲ. "ನೀವು ಹೋಗಿ, ನಾನು ಮಿನಿ ಬಸ್ಸಲ್ಲಿ ಬರ್ತೀನಿ, ಅಲ್ಲಾದರೆ ಕಿಟಕಿ ಪಕ್ಕ ಕೂರಬಹುದು" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಅಕ್ಷರಶಃ ಸರಿ. ಬಸ್ಸಿನಲ್ಲಿ ಟಿಕೆಟ್ ತಗೊಂಡವರಿಗೆ ಸರಿಸೋ ಗಾಜಿದೆ, ತುರ್ತು ಬಾಗಿಲಿದೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿಂದ ಹೈದರಾಬಾದಿಗೆ ಹೋಗ್ತಿದ್ದ ವೋಲ್ವೋ ಬಸ್ಸು ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು, ಎರಡು ವಾರದಲ್ಲಿ ಹಾವೇರಿ ಹತ್ತಿರ ಇನ್ನೊಂದು ಬಸ್ಸು. ಅದಾದ ಮೇಲೆ ಗಾಜು ಒಡೆಯೋ ಸುತ್ತಿಗೆ, ತುರ್ತು ಬಾಗಿಲು ಅಂತ ಇಡೀ ರಾಜ್ಯ ಮಾತಾಡ್ತು. ಬಸ್ಸಿನ ಪ್ರಯಾಣಿಕರು ತಾವೇ ಹೊರಗೆ ಬರೋ ಹಾಗಿರಬೇಕು ಅನ್ನೋದು ನಮಗೆ ಗೊತ್ತಿದೆ ಅಂತಾಯ್ತು. ಮನೆ ಗಾಡಿಯ ಕೊನೇ ಸೀಟಿಗೆ ಮಾತ್ರ ಆ ಪ್ರಶ್ನೆ ಬರೋದೇ ಇಲ್ಲ, ಯಾಕೆ?

ವಾಂತಿ ಸಣ್ಣ ವಿಷಯ ಅಂತೀರೇನೋ. ಸರಿ, ದೊಡ್ಡದಕ್ಕೇ ಬರೋಣ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕುಟುಂಬದ ಜೊತೆ ಕಾರಿನಲ್ಲಿದ್ದ ಯುವತಿ ಒಬ್ಬಳು ತೀರಿಕೊಂಡಳು. ವಿಧಾನಸೌಧದಿಂದ ಕೂಗಳತೆ ದೂರ. ನೀರಲ್ಲಿ ಮುಳುಗ್ತಿರೋ ಗಾಡಿಯ ಲೆಕ್ಕ ನಮ್ಮ ಹೈಸ್ಕೂಲಿನ ಭೌತಶಾಸ್ತ್ರವೇ. ಹೊರಗೆ ಸರಾಸರಿ ಅರ್ಧ ಮೀಟರ್ ನೀರಿದ್ದರೆ ಬಾಗಿಲಿನ ಒಂದು ಚದರ ಮೀಟರಿಗೆ ಸುಮಾರು ಐನೂರು ಕಿಲೋ ಒತ್ತಡ. ಪೈಲ್ವಾನರೂ ತೆಗೆಯೋಕಾಗೋಲ್ಲ. ಅದಕ್ಕೇ ತಿಳಿದವರು ಹೇಳೋದು, ಬಾಗಿಲಿಗೆ ಒದ್ದಾಡಬೇಡಿ, ಕರೆಂಟು ಇರೋವಾಗಲೇ ಮೊದಲು ಕಿಟಕಿ ಇಳಿಸಿ ಅಂತ. ಒಳ್ಳೇ ಸಲಹೆ. ಕಿಟಕಿಯೇ ಇಲ್ಲದ ಸಾಲಿನವರಿಗೆ ಈ ಸಲಹೆಯಿಂದ ಏನು ಉಪಯೋಗ? ಮುಂದಿನ ನಾಲ್ಕೈದು ಜನ ಹೊರಗೆ ಹೋದ ಮೇಲೆ, ಸೀಟಿನ ಮೇಲೆ ಹತ್ತಿ ಬಂದು ಅದೇ ಕಿಟಕಿಯಿಂದ ತೂರಬೇಕು. ದೊಡ್ಡಮ್ಮ? ಎರಡು ವರ್ಷದ ಮಗು?

ಇನ್ನು ಡಿಕ್ಕಿ ಬಾಗಿಲು. ಇದರ ಮೇಲೆ ನನಗೆ ವಿಶೇಷ ಸಿಟ್ಟಿದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರಿನಿಂದ ತಯಾರಾದ, ಡಿಕ್ಕಿ ಪ್ರತ್ಯೇಕ ಇರೋ ಕಾರುಗಳಲ್ಲಿ, ಒಳಗೆ ಸಿಕ್ಕಿಬಿದ್ದವರು ತಾವೇ ತೆಗೆಯೋ ಹಿಡಿಕೆ ಕಡ್ಡಾಯ. ಕತ್ತಲಲ್ಲೂ ಕಾಣಬೇಕು. ಆಟ ಆಡ್ತಾ ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿಕೊಂಡು ಸತ್ತದ್ದರಿಂದ ಬಂದ ನಿಯಮ. ಆದರೆ ಎತ್ತೋ ಹಿಂಬಾಗಿಲಿರೋ ಗಾಡಿಗಳಿಗೆ, ಅಂದರೆ ಹ್ಯಾಚ್‌ಬ್ಯಾಕು, ಮಿನಿವ್ಯಾನುಗಳಿಗೆ ಅದು ಅನ್ವಯಿಸೋಲ್ಲ. ಸಾಮಾನು ಇಡೋ ಜಾಗ ಪ್ರಯಾಣಿಕರ ಜಾಗಕ್ಕೆ ತೆರೆದುಕೊಂಡಿದೆ, ಹಾಗಾಗಿ ಯಾರೂ ಸಿಕ್ಕಿಕೊಳ್ಳೋಲ್ಲ ಅನ್ನೋದು ತರ್ಕ. ಮಧ್ಯದ ಸಾಲು ತಾನಾಗೇ ಮಡಚಿಕೊಂಡು ದಾರಿ ಬಿಡುತ್ತೆ ಅಂದುಕೊಂಡಿದ್ದಾರೇನೋ.

ಹಲವು ಗಾಡಿಗಳಲ್ಲಿ ಡಿಕ್ಕಿ ಬಾಗಿಲಿನ ಒಳಗಡೆ, ಲಾಕ್ ಇರೋ ಜಾಗದಲ್ಲಿ, ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಸ್ಕ್ರೂಡ್ರೈವರಿನಿಂದ ಅದನ್ನ ಎಬ್ಬಿಸಿ, ಒಳಗಿನ ಪುಟ್ಟ ಲಿವರ್ ತಳ್ಳಿದರೆ ಬಾಗಿಲು ಬಿಡುತ್ತೆ. ಬ್ಯಾಟರಿ ಸತ್ತಾಗ ಮೆಕ್ಯಾನಿಕ್‌ಗೆ ಅಂತ ಇಟ್ಟಿರೋದು. ನಿಮ್ಮ ಗಾಡಿಯಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ, ಇದ್ದರೆ ಮನೆಯ ಮಕ್ಕಳಿಗೂ ತೋರಿಸಿ. ನಮ್ಮ ಗಾಡಿ ಜೊತೆ ಬಂದ ಮುನ್ನೂರು ಚಿಲ್ಲರೆ ಪುಟದ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಹಿಂದೆ ಕೂರೋ ದೊಡ್ಡಮ್ಮ ಓದೋದು ಕನ್ನಡ. ಈ ವಿಷಯ ಎತ್ತಿಕೊಂಡರೆ ಇನ್ನೊಂದು ಪೋಸ್ಟ್ ಆಗುತ್ತೆ, ಇಲ್ಲಿ ಬೇಡ.

ಹೊರಗಿಂದಲೂ ಆ ಬಾಗಿಲೇನು ಸುಲಭ ಅಲ್ಲ. ಎತ್ತಿದರೆ ನನ್ನ ಅತ್ತೆಯ ಎತ್ತರಕ್ಕೆ ಸಿಗೋಲ್ಲ, ಮುಚ್ಚೋಕೆ ಯಾರಾದರೂ ಗಂಡಸರು ಬರಬೇಕು. ಎರಡು ಪಕ್ಕದ ಗ್ಯಾಸ್ ರಾಡು ಹಳೇದಾದ ಮೇಲೆ ಅದು ನಿಲ್ಲೋದೇ ಇಲ್ಲ, ಸಾಮಾನು ತೆಗೆಯೋವಾಗ ತಲೆ ಮೇಲೇ ಕೂರುತ್ತೆ. ಗುಂಡಿ ಒತ್ತಿದರೆ ತಾನೇ ಮುಚ್ಚೋ ಬಾಗಿಲು ಬಂದಿದೆ, ಆದರೆ ದುಬಾರಿ ಗಾಡಿಯ ದುಬಾರಿ ಮಾಡೆಲಿಗೆ. ಒಂದು ಉದ್ದದ ಬಟ್ಟೆಯ ಪಟ್ಟಿ ಕಟ್ಟಿದ್ದರೆ ಸಾಕಿತ್ತು. ನಾವು ಕಟ್ಟಿಕೊಂಡಿದ್ದೀವಿ, ಹಳೇ ಬ್ಯಾಗಿನ ಪಟ್ಟಿ.

ಮತ್ತೆ ಆ ಡಿಕ್ಕಿಯಲ್ಲಿ ಇಡೋಕೆ ಜಾಗ ಎಲ್ಲಿದೆ? ಮಾರುತಿ ಎರ್ಟಿಗಾದಲ್ಲಿ ಮೂರೂ ಸಾಲು ಎತ್ತಿದ್ದರೆ ಉಳಿಯೋದು 209 ಲೀಟರ್. ಐದೇ ಜನರ ಸ್ವಿಫ್ಟಿನ ಡಿಕ್ಕಿ ಇದಕ್ಕಿಂತ ದೊಡ್ಡದು. ಏಳು ಜನರ ಮೂರು ದಿನದ ಬಟ್ಟೆ ಎಲ್ಲಿಡ್ತೀರಿ? ಎಲ್ಲರೂ ಮಾಡೋದು ಒಂದೇ. ಕೊನೇ ಸಾಲಿನ ಅರ್ಧ ಮಡಚಿ ಬ್ಯಾಗು ಪೇರಿಸೋದು, ಉಳಿದರ್ಧದಲ್ಲಿ ಒಬ್ಬರನ್ನ ಕೂರಿಸೋದು. ಗಂಟೆಗೆ ಐವತ್ತು ಕಿ.ಮೀ.ನಲ್ಲಿ ಗುದ್ದಿ ನಿಂತರೆ ಹತ್ತು ಕಿಲೋ ಬ್ಯಾಗು ನೂರು ಕಿಲೋ ಮೀರಿದ ಬಲದಲ್ಲಿ ಹಾರುತ್ತೆ. ಪಕ್ಕದಲ್ಲಿ ಕೂತಿರೋದು ಅಜ್ಜಿಯೋ ಮೊಮ್ಮಗಳೋ.

ಈಗ ಎದುರುವಾದಗಳಿಗೆ ಬರ್ತೀನಿ, ಯಾಕೆಂದರೆ ನಮ್ಮನೆಯಲ್ಲೇ ಎಲ್ಲ ಕೇಳಿಯಾಗಿದೆ.

"ಹಳೇ ಗಾಡಿಗಳೇ ಚೆನ್ನಾಗಿದ್ದವು" ಅಂತಾರೆ ಮಾವ. ಟಾಟಾ ಸುಮೋ ಕಾಲದಲ್ಲಿ ಹಿಂದೆ ಎದುರುಬದುರು ಬೆಂಚು, ಹಿಂಬಾಗಿಲಿಂದಲೇ ಹತ್ತೋದು ಇಳಿಯೋದು. ಯಾರನ್ನೂ ಎಬ್ಬಿಸಬೇಕಿರಲಿಲ್ಲ, ಅದು ನಿಜ. ಆದರೆ ಅಡ್ಡ ಬೆಂಚಿನ ಮೇಲೆ ಬೆಲ್ಟಿಲ್ಲದೆ ಆರು ಜನ ತೂಗಾಡ್ತಾ ಹೋಗೋದು ನನಗೆ ಬೇಡ. ನೇರ ಮುಂದೆ ನೋಡೋ ಸೀಟು, ಮೂರು ಕಡೆ ಬಿಗಿಯೋ ಬೆಲ್ಟು, ತಲೆಗೆ ಆಸರೆ, ಇವೆಲ್ಲ ಬಂದದ್ದು ಒಳ್ಳೇದೇ. ಕಳೆದುಕೊಂಡ ಹಿಡಿಕೆಯನ್ನು ವಾಪಸ್ ಕೊಡಿ ಅಂತಷ್ಟೇ ಕೇಳ್ತಿರೋದು. 1984ರಲ್ಲಿ ಬಂದ ಮಾರುತಿ ವ್ಯಾನಿಗೆ, ಅದೇ ನಮ್ಮ ಓಮ್ನಿಗೆ, ಜಾರೋ ಬಾಗಿಲಿತ್ತು. 2019ರಲ್ಲಿ ಅದರ ತಯಾರಿ ನಿಂತಿತು. ಇಕ್ಕಟ್ಟಿನ ಪಾರ್ಕಿಂಗಿನಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದಲ್ಲಿ, ಹಿಂದಿನವರು ಹತ್ತಿ ಇಳಿಯೋಕೆ ಜಾರೋ ಬಾಗಿಲಿನಷ್ಟು ಒಳ್ಳೇದು ಯಾವುದೂ ಇಲ್ಲ. ಆದರೆ ಅದು "ಸಾಮಾನು ಸಾಗಿಸೋ ಗಾಡಿ ಥರ ಕಾಣುತ್ತೆ" ಅಂತ ನಮ್ಮವರಿಗೆ ಬೇಡವಾಯ್ತು. ಎಲ್ಲರಿಗೂ ಎಸ್‌ಯುವಿ ಥರ ಕಾಣಬೇಕು.

"ಅಮೆರಿಕದಲ್ಲಿ ಹಾಗಲ್ಲ" ಅಂತಾರೆ ಅಲ್ಲಿರೋ ಮೈದುನ. ಸ್ವಲ್ಪ ನಿಜ, ಪೂರ್ತಿ ಅಲ್ಲ. ಕ್ರೈಸ್ಲರ್‌ನವರು 1983ರ ಕೊನೆಯಲ್ಲಿ ತಂದ ಮಿನಿವ್ಯಾನಿಗೆ ಮೊದಲು ಜಾರೋ ಬಾಗಿಲು ಒಂದೇ ಕಡೆ ಇತ್ತು. ಎರಡನೇ ಕಡೆಯದು ಬಂದದ್ದು 1996ರ ಮಾಡೆಲಿಗೆ. ಸೀಟುಗಳನ್ನ ಮೊದಲು ಹೊತ್ತು ಹೊರಗೆ ಇಳಿಸಿ ಗ್ಯಾರೇಜಿನಲ್ಲಿ ಇಡಬೇಕಿತ್ತು, 2005ರ ಮಾಡೆಲಿನಿಂದ ಮಧ್ಯದ ಸಾಲೂ ನೆಲದೊಳಗೆ ಮಡಚಿ ಹೋಗೋ ಹಾಗಾಯ್ತು. ಕೇಳಿದ್ದಕ್ಕೆ, ಬೈದದ್ದಕ್ಕೆ ಒಂದೊಂದಾಗಿ ಬದಲಾಯಿತು ಅನ್ನೋದನ್ನ ಗಮನಿಸಿ. ಆದರೆ ಅಲ್ಲೂ ಒಂದು ತಮಾಷೆ ಇದೆ. ಅವರ ಕೆಲವು ವ್ಯಾನುಗಳಲ್ಲಿ ಕೊನೇ ಸಾಲಿನ ಗಾಜು ಸ್ವಲ್ಪ ಹೊರಗೆ ತೆರೆಯುತ್ತಿತ್ತು, ಮೋಟಾರು ಸಮೇತ. ಅದರ ಸ್ವಿಚ್ಚು ಎಲ್ಲಿತ್ತು ಅಂತೀರಿ? ಮುಂದೆ, ಡ್ರೈವರ್ ಹತ್ತಿರ!

"ಮಕ್ಕಳ ಕೈಗೆ ಕಿಟಕಿ, ಬಾಗಿಲು ಕೊಟ್ಟರೆ ಅಪಾಯ." ಇದು ನಮ್ಮನೆಯವರ ವಾದ, ಎಲ್ಲಕ್ಕಿಂತ ಗಟ್ಟಿ ವಾದವೂ ಹೌದು. ಚೈಲ್ಡ್ ಲಾಕ್ ಬೇಕು, ನಾನೂ ಹಾಕ್ತೀನಿ. ಪವರ್ ವಿಂಡೋದಿಂದ ಮಕ್ಕಳು ಸತ್ತಿರೋದೂ ನಿಜ. ಆದರೆ ಆ ಸಮಸ್ಯೆಗೆ ಉತ್ತರ ಹೇಗೆ ಸಿಕ್ಕಿತು ನೋಡಿ. ಮಗು ತಲೆ ಹೊರಗೆ ಹಾಕಿ ಬಾಗಿಲಿನ ಕೈಪಟ್ಟಿ ಮೇಲೆ ಮಂಡಿಯೂರಿದಾಗ ಮಂಡಿ ಸ್ವಿಚ್ಚಿನ ಮೇಲೆ ಬಿದ್ದು ಗಾಜು ಏರಿ ಕತ್ತಿಗೆ ಸಿಕ್ಕಿಬೀಳ್ತಿತ್ತು. 2005ರಲ್ಲಿ ಅಮೆರಿಕದ ಕಾನೂನು, ಒತ್ತಿದರೆ ಏರಬಾರದು, ಬೆರಳಿಂದ ಮೇಲಕ್ಕೆ ಎಳೆದರೆ ಮಾತ್ರ ಏರೋ ಸ್ವಿಚ್ಚು ಬೇಕು ಅಂತ ಹೇಳ್ತು. ಮಂಡಿಗೆ ಎಳೆಯೋಕೆ ಬರೋಲ್ಲ. ಅಷ್ಟೇ! ಕಿಟಕಿ ಕಿತ್ತುಕೊಳ್ಳಲಿಲ್ಲ, ಸ್ವಿಚ್ಚನ್ನ ತಿರುಗಿಸಿದರು. ಏನಾದರೂ ಅಡ್ಡ ಸಿಕ್ಕರೆ ತಾನೇ ಇಳಿಯೋ ಗಾಜು ಕೂಡ ಇದೆ, ಆದರೆ ನಮ್ಮಲ್ಲಿ ಹಲವು ಗಾಡಿಗಳಲ್ಲಿ ಅದು ಡ್ರೈವರ್ ಕಿಟಕಿಗೆ ಮಾತ್ರ. ಗಾಜಿನಲ್ಲಿ ಕೈ ಸಿಕ್ಕಿಸಿಕೊಳ್ಳೋ ಸಾಧ್ಯತೆ ಎಲ್ಲರಿಗಿಂತ ಕಮ್ಮಿ ಇರೋ ಮನುಷ್ಯನಿಗೆ! ಡಿಕ್ಕಿಗೂ ಅಷ್ಟೇ. ಗಾಡಿ ಇಷ್ಟು ವೇಗ ಮುಟ್ಟಿದ ಕೂಡಲೇ ಬಾಗಿಲೆಲ್ಲ ತಾನೇ ಲಾಕ್ ಆಗೋ ವ್ಯವಸ್ಥೆ ಇವರ ಹತ್ತಿರ ಇದೆ. ನಿಂತಾಗ ಮಾತ್ರ ಒಳಗಿಂದ ತೆರೆಯೋ ಹಿಡಿಕೆ ಮಾಡೋಕೆ ಯಾವ ಹೊಸ ವಿಜ್ಞಾನ ಬೇಕು?

"ಬೆಲೆ ಜಾಸ್ತಿ ಆಗುತ್ತೆ." ಸನ್‌ರೂಫಿಗೆ ದುಡ್ಡಿದೆ. ಬಾಗಿಲ ಅಂಚಿಗೆ ನೀಲಿ ಲೈಟಿಗೆ ದುಡ್ಡಿದೆ. ನಮ್ಮ ಸರ್ಕಾರ 2019ರ ಜುಲೈ 1ರಿಂದ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗು, ವೇಗದ ಎಚ್ಚರಿಕೆ, ರಿವರ್ಸ್ ಸೆನ್ಸರು, ಕರೆಂಟು ಹೋದಾಗ ಸೆಂಟ್ರಲ್ ಲಾಕನ್ನು ಕೈಯಿಂದ ಬಿಡಿಸೋ ವ್ಯವಸ್ಥೆ ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಬೆಲೆಯ ಮಾತೇ ಬಂದಿತ್ತು. ಆಮೇಲೆ ಯಾವ ಕಂಪನಿ ಬಾಗಿಲು ಮುಚ್ಚಿತು? 2022ರಲ್ಲಿ ಬಂದ ಕಿಯಾ ಕಾರೆನ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ಮಧ್ಯದ ಸೀಟು ತಾನೇ ಮಡಚಿ ಮುಂದಕ್ಕೆ ಉರುಳುತ್ತೆ. ಮಾಡೋಕೆ ಬರುತ್ತೆ ಅಂತಾಯ್ತಲ್ಲ.

ಕಂಪನಿಗಳನ್ನ ಬೈದಷ್ಟೇ ನಮ್ಮವರನ್ನೂ ಬೈಯಬೇಕು. ಗಾಡಿ ಆರಿಸೋಕೆ ಶೋರೂಮಿಗೆ ಹೋಗೋರು ಯಾರು? ಓಡಿಸೋರು. ಕೂತು ನೋಡೋದು ಎಲ್ಲಿ? ಮುಂದೆ. ಹಿಂದೆ ಕೂರೋರು ಆ ದಿನ ಮನೆಯಲ್ಲಿ ಅಡಿಗೆ ಮಾಡ್ತಿರ್ತಾರೆ, ಗಾಡಿ ಬಂದ ಮೇಲೆ ಆರತಿ ಎತ್ತೋಕೆ ಹೊರಗೆ ಬರ್ತಾರೆ. ಅವರನ್ನ ಕೇಳದೆ ಮಾಡಿದ ಗಾಡಿಯನ್ನ ಅವರನ್ನ ಕೇಳದೆ ಕೊಳ್ತೀವಿ. ಆಮೇಲೆ "ಅಡ್ಜಸ್ಟ್ ಮಾಡ್ಕೊಳ್ಳಿ". ಈ ಪದ ಯಾರು ಯಾರಿಗೆ ಹೇಳ್ತಾರೆ ಅಂತ ಒಂದು ದಿನ ಎಣಿಸಿ ನೋಡಿ. ಮಾವನಿಗೆ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಹೋದ ತಿಂಗಳು ಓರಗಿತ್ತಿಯವರು ಹೊಸ ಗಾಡಿ ನೋಡೋಕೆ ಹೊರಟಾಗ ನಾನೂ ಹೋದೆ, ದೊಡ್ಡಮ್ಮನನ್ನೂ ಕರೆದುಕೊಂಡೇ ಹೋದೆ. ಶೋರೂಮಿನ ಹುಡುಗ ತುಂಬ ಉತ್ಸಾಹದಿಂದ ಸ್ಕ್ರೀನು, ಲೈಟು ಎಲ್ಲ ತೋರಿಸಿದ. ನಾನು ಅಂದೆ, "ತಮ್ಮಾ, ನೀನು ಹಿಂದೆ ಹೋಗಿ ಕೂತುಕೋ. ನಾವು ಬಾಗಿಲು ಹಾಕ್ತೀವಿ. ಯಾರ ಸಹಾಯನೂ ಇಲ್ಲದೆ ಹೊರಗೆ ಬಾ." ಅವನು ನಗ್ತಾ ಕೂತ. ಮೊದಲು ಮಧ್ಯದ ಸೀಟಿನ ಬುಡಕ್ಕೆ ಕೈ ಚಾಚಿದ, ಸಿಗಲಿಲ್ಲ. ಬೆನ್ನ ಹಿಂದೆ ತಿರುಗಿ ಡಿಕ್ಕಿ ತಡಕಾಡಿದ. ಕೊನೆಗೆ ಶೂ ಬಿಚ್ಚಿ, ಸೀಟಿನ ಮೇಲಿಂದ ಹತ್ತಿ ಬಂದು ಬಾಗಿಲು ಎಳೆದರೆ ಚೈಲ್ಡ್ ಲಾಕ್ ಹಾಕಿತ್ತು. ಟೈ ಸರಿಮಾಡಿಕೊಳ್ತಾ, "ಮೇಡಂ, ಇದುವರೆಗೆ ಯಾರೂ ಹೀಗೆ ಕೇಳಿಲ್ಲ" ಅಂದ. ಪಾಪ, ಅವನ ತಪ್ಪೇನಿಲ್ಲ. ದೊಡ್ಡಮ್ಮ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಬ್ಲಾಗ್ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಜನ ಟೂರ್ ಕಥನ ಬರೀತೀರಿ, ಹೊಸ ಗಾಡಿ ಕೊಂಡಾಗ ಫೋಟೋ ಹಾಕ್ತೀರಿ. ಮುಂದಿನ ಸಲ ಒಂದು ಪ್ಯಾರಾ ಕೊನೇ ಸೀಟಿನಲ್ಲಿ ಕೂತು ಬರೀರಿ. ಯಾವ ಮಾಡೆಲ್ಲು, ಸೀಟು ಮಡಚೋ ಲಿವರ್ ಹಿಂದಿನವರಿಗೆ ಎಟುಕುತ್ತಾ, ಚೈಲ್ಡ್ ಸೀಟು ಕಟ್ಟಿದರೂ ದಾರಿ ಇರುತ್ತಾ, ಡಿಕ್ಕಿಯ ಆ ಪ್ಲಾಸ್ಟಿಕ್ ಮುಚ್ಚಳ ಎಲ್ಲಿದೆ. ಯಾರ ಹತ್ತಿರವಾದರೂ ಕೊನೇ ಸಾಲಿನಲ್ಲಿ ತಾವೇ ತೆಗೆಯೋ ಕಿಟಕಿ ಇರೋ ಹೊಸ ಗಾಡಿ ಇದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಹೆಸರು ಹೇಳಿ. ಓರಗಿತ್ತಿ ಇನ್ನೂ ಬುಕ್ ಮಾಡಿಲ್ಲ.